ಒಂದು ಮಾರ್ಕಿನ ಪ್ರಶ್ನೆಗೆ ಒಂದು ತಾಸು

ಸೊಲ್ಲಾಪುರ ರಸ್ತೆ, ವಿಜಯಪುರ

ಪ್ರೀತಿಯ ಮಗಳೆ,

ನಿನ್ನ ಪತ್ರದಲ್ಲಿ ಕುಶಲ ಸಮಾಚಾರ ಎರಡು ಸಾಲು, ಉಳಿದದ್ದೆಲ್ಲ ಒಂದೇ ಪ್ರಶ್ನೆ: ‘ಪೋರ್ಶನ್ ಮುಗಿಸಲೋ, ಪಾಠ ಮಾಡಲೋ?’ ಇತಿಹಾಸದ ಅತಿಥಿ ಉಪನ್ಯಾಸಕಿಯಾಗಿ ಸೇರಿ ಇನ್ನೂ ಒಂದು ಸೆಮಿಸ್ಟರ್ ಪೂರ್ತಿಯಾಗಿಲ್ಲ, ಆಗಲೇ ನಿನಗೆ ಈ ಪ್ರಶ್ನೆ ಎದ್ದಿದೆ. ನನ್ನ ಜೊತೆ ಕೆಲಸ ಮಾಡಿದ ಕೆಲವರಿಗೆ ನಿವೃತ್ತಿಯ ದಿನದವರೆಗೂ ಎದ್ದಿರಲಿಲ್ಲ.

ಎರಡನ್ನೂ ಸರಿದೂಗಿಸು ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಬರೆಯಲಾರೆ. ಪಾಠ ಮಾಡು. ಪೋರ್ಶನ್ ಹುಡುಗರೇ ಮುಗಿಸಿಕೊಳ್ಳುತ್ತಾರೆ. ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ‘ಇಂಪಾರ್ಟೆಂಟ್’ ಪ್ರಶ್ನೆಗಳ ಕಟ್ಟು ಸಿಗುತ್ತದೆ, ಯೂಟ್ಯೂಬಿನಲ್ಲಿ ಅರ್ಧ ತಾಸಿಗೊಂದು ಘಟಕ ಮುಗಿಸುವವರಿದ್ದಾರೆ, ಈಗ ಕೇಳಿದ್ದಕ್ಕೆಲ್ಲ ಉತ್ತರ ಬರೆದುಕೊಡುವ ಚಾಟ್‌ಜಿಪಿಟಿಯೂ ಮೊಬೈಲಿನಲ್ಲಿದೆ. ಉತ್ತರ ಇಷ್ಟು ಅಗ್ಗವಾದ ಕಾಲದಲ್ಲಿ ನೀನು ನಿಂತು ನೋಟ್ಸ್ ಬರೆಸಿದರೆ ಅವರಿಗೆ ನಿನ್ನಿಂದ ಸಿಗುವುದೇನು? ಒಂದು ಹಾಜರಿ.

ಪಠ್ಯಕ್ರಮ ಬದಲಾದರೆ ಎಲ್ಲ ಸರಿಹೋಗುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಹೇಳುವವರು ಇದ್ದೇ ಇರುತ್ತಾರೆ. ನಮ್ಮ ರಾಜ್ಯ 2021-22ರಲ್ಲಿ ದೇಶದಲ್ಲೇ ಮೊದಲಿಗೆ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿ ಮಾಡಿ ನಾಲ್ಕು ವರ್ಷದ ಪದವಿ ಎಂದಿತು. ಸರ್ಕಾರ ಬದಲಾಯಿತು. ಹೊಸ ಸರ್ಕಾರ ನೇಮಿಸಿದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯಂತೆ 2024-25ಕ್ಕೆ ಮತ್ತೆ ಮೂರು ವರ್ಷವಾಯಿತು. ನಡುವಿನ ಮೂರು ಬ್ಯಾಚಿನ ಮಕ್ಕಳು ತಾವು ಯಾವ ನೀತಿಯವರೆಂದು ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಪೋರ್ಟಲನ್ನೇ ಕೇಳಬೇಕಾಯಿತು. ಎರಡೂ ಕಾಲದಲ್ಲಿ ಬಾಗಿಲು ಹಾಕಿದ ತರಗತಿಯೊಳಗೆ ನಡೆದದ್ದು ಮಾತ್ರ ಒಂದೇ: ಒಬ್ಬರು ಓದಿ ಹೇಳುವುದು, ಉಳಿದವರು ಬರೆದುಕೊಳ್ಳುವುದು. ನೀತಿ ಬೇಡವೆಂದಲ್ಲ. ಆದರೆ ಆ ತಾಸಿನೊಳಕ್ಕೆ ಯಾವ ನೀತಿಯೂ ಬರುವುದಿಲ್ಲ, ಅಲ್ಲಿ ನೀನೊಬ್ಬಳೇ.

ಪಾಠ ಮಾಡು ಎಂದರೆ ಹೇಗೆ ಎಂದು ಕೇಳುತ್ತೀ. ಒಂದು ಉದಾಹರಣೆ ಕೊಡುತ್ತೇನೆ, ಇದನ್ನು ಇದ್ದಹಾಗೇ ತರಗತಿಗೆ ಒಯ್ಯಬಹುದು.

ನಮ್ಮೂರು ಕೋಚಿಂಗ್‌ನ ಊರು. ಪಿಡಿಓ, ಎಫ್‌ಡಿಎ, ಪಿಎಸ್‌ಐ ಎಂದು ಇಡೀ ಉತ್ತರ ಕರ್ನಾಟಕದ ಹುಡುಗರು ಇಲ್ಲಿ ರೂಮು ಹಿಡಿದು ಓದುತ್ತಾರೆ. ನಿನ್ನ ತರಗತಿಯಲ್ಲೂ ಅರ್ಧ ಜನ ಸಂಜೆ ಅಲ್ಲಿಗೇ ಹೋಗುವವರು. ಅವರ ಕೈಯಲ್ಲಿರುವ ಗೈಡಿನಲ್ಲಿ ಒಂದು ಮಾರ್ಕಿನ ಪ್ರಶ್ನೆ ಇರುತ್ತದೆ: ಎರಡನೇ ಭಾಸ್ಕರಾಚಾರ್ಯ ಹುಟ್ಟಿದ್ದು ಎಲ್ಲಿ? ಉತ್ತರ: ವಿಜಯಪುರ. ನಮ್ಮೂರ ಹುಡುಗರಿಗೆ ಆ ಉತ್ತರ ಓದುವಾಗ ಎದೆ ಉಬ್ಬುವುದೂ ಸಹಜ. ನೀನು ಹೋಗಿ ಒಂದೇ ಮಾತು ಕೇಳು: ಇದು ನಮಗೆ ಹೇಗೆ ಗೊತ್ತು?

ಆ ಮೇಲೆ ಒಂದೊಂದಾಗಿ ಬಿಚ್ಚು. ಭಾಸ್ಕರಾಚಾರ್ಯರೇ ‘ಸಿದ್ಧಾಂತ ಶಿರೋಮಣಿ’ಯಲ್ಲಿ ತಾವು ಶಕ 1036ರಲ್ಲಿ, ಎಂದರೆ ಕ್ರಿ.ಶ. 1114ರಲ್ಲಿ ಹುಟ್ಟಿದೆವೆಂದೂ 36ನೇ ವಯಸ್ಸಿನಲ್ಲಿ ಈ ಗ್ರಂಥ ಬರೆದೆವೆಂದೂ ಹೇಳಿಕೊಂಡಿದ್ದಾರೆ. ತಂದೆ ಮಹೇಶ್ವರ, ಊರು ಸಹ್ಯ ಪರ್ವತದ ಬಳಿಯ ವಿಜ್ಜಡವಿಡ. ಹೆಸರಿನ ಹೋಲಿಕೆ ಹಿಡಿದು ಅದೇ ನಮ್ಮ ವಿಜಯಪುರ ಎಂದವರಿದ್ದಾರೆ. ಹಾಗಾದರೆ ಸಹ್ಯಾದ್ರಿ ನಮ್ಮೂರಿನಿಂದ ಎಷ್ಟು ದೂರ? ನಕಾಶೆ ತೆಗೆಸು, ಅಳೆಸು. ಇನ್ನೊಂದು ಕಡೆ, ಮಹಾರಾಷ್ಟ್ರದ ಜಳಗಾಂವ ಜಿಲ್ಲೆಯ ಚಾಳೀಸಗಾಂವ ಹತ್ತಿರದ ಪಾಟಣೆಯಲ್ಲಿ 1207ರ ಶಾಸನವಿದೆ. ಭಾಸ್ಕರಾಚಾರ್ಯರ ಮೊಮ್ಮಗ ಚಂಗದೇವ ಅಜ್ಜನ ಗ್ರಂಥಗಳನ್ನು ಓದಿಸುವುದಕ್ಕೆಂದೇ ಅಲ್ಲೊಂದು ಮಠ ಸ್ಥಾಪಿಸಿದ. ಅದಕ್ಕೆ ದತ್ತಿ ಬಿಟ್ಟದ್ದನ್ನು ಆ ಕಲ್ಲು ಹೇಳುತ್ತದೆ. ಮೊಮ್ಮಗನ ಮಠ ಅಲ್ಲಿದ್ದರೆ ಅಜ್ಜನ ಊರೂ ಅಲ್ಲೇ ಎಂದಾಗುತ್ತದೆಯೇ? ಅದೂ ಆಗಬೇಕಿಲ್ಲ. ಹುಡುಗರು ಜಗಳಾಡಲಿ. ಒಬ್ಬ ಎದ್ದು ‘ಮೇಡಂ, ಹಂಗಾದ್ರ ಪರೀಕ್ಷಾದಾಗ ಏನು ಬರೀಬೇಕ್ರಿ?’ ಎಂದು ಕೇಳಿಯೇ ಕೇಳುತ್ತಾನೆ. ಕೀ ಆನ್ಸರ್‌ನಲ್ಲಿರುವುದನ್ನೇ ಬರೆ, ಮಾರ್ಕ್ಸ್ ಕಳಕೊಳ್ಳಬೇಡ, ಆದರೆ ಅದು ಇತ್ಯರ್ಥವಾಗದ ವಾದ ಎಂದು ತಿಳಿದುಕೊಂಡು ಬರೆ ಎಂದು ಹೇಳು.

ಆ ಒಂದು ತಾಸಿನಲ್ಲಿ ಅವರು ಗ್ರಂಥದ ಸಾಕ್ಷ್ಯ, ಶಾಸನದ ಸಾಕ್ಷ್ಯ, ಭೂಗೋಳ, ಊರಿನ ಅಭಿಮಾನ ನಾಲ್ಕನ್ನೂ ಬೇರೆಬೇರೆ ಮಾಡಿ ನೋಡಿರುತ್ತಾರೆ. ಕೋಚಿಂಗ್‌ನಲ್ಲಿ ಅದಕ್ಕೆ ವೇಳೆಯಿಲ್ಲ. ಯಂತ್ರಕ್ಕೆ ಕೇಳಿದರೆ ಹೆಚ್ಚು ಜನ ಬರೆದದ್ದನ್ನೇ ಹೆಚ್ಚು ಧೈರ್ಯದಿಂದ ಹೇಳುವ ಸಂಭವವೇ ಜಾಸ್ತಿ. ಹಾಗೆಂದು ಅದನ್ನು ಬಳಸಬೇಡಿ ಎಂದು ಹುಡುಗರಿಗೆ ಅಪ್ಪಣೆ ಮಾಡಬೇಡ, ಕೇಳುವುದಿಲ್ಲ. ಅಸೈನ್‌ಮೆಂಟನ್ನೇ ಬದಲಿಸು: ಚಾಟ್‌ಜಿಪಿಟಿ ಕೊಟ್ಟ ಉತ್ತರವನ್ನು ತಂದು, ಅದರಲ್ಲಿ ಯಾವ ಮಾತಿಗೆ ಆಧಾರವಿದೆ, ಯಾವುದಕ್ಕಿಲ್ಲ ಎಂದು ಕೆಂಪು ಶಾಯಿಯಲ್ಲಿ ತಿದ್ದಲಿ. ಇಂಟರ್ನಲ್ ಮಾರ್ಕ್ಸ್ ಅದಕ್ಕೆ ಕೊಡು. ಎಲ್ಲರಿಗೂ ಪೂರ್ತಿ ಕೊಟ್ಟುಬಿಡಿ, ತಲೆನೋವು ಬೇಡ ಎಂದು ಹಿರಿಯರು ಹೇಳಿದರೂ ಕೊಡಬೇಡ. ಓದಿದವನಿಗೂ ಓದದವನಿಗೂ ಒಂದೇ ಅಂಕ ಕೊಡುವುದು ದಯೆ ಅಲ್ಲ.

ನಾನಿರುವ ಈ ರಸ್ತೆಯ ಸಂಗತಿ ಹೇಳುತ್ತೇನೆ. ಇಲ್ಲಿ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿದೆ, 1986ರದು. 2008ರಲ್ಲಿ ಬಿಎಲ್‌ಡಿಇ ಡೀಮ್ಡ್ ವಿಶ್ವವಿದ್ಯಾಲಯವಾಯಿತು. 2019ರ ಬ್ಯಾಚಿನಿಂದ ದೇಶದ ಎಂಬಿಬಿಎಸ್ ಪಠ್ಯಕ್ರಮವೇ ಬದಲಾಗಿ, ಮೊದಲ ವರ್ಷದಿಂದಲೇ ವಿದ್ಯಾರ್ಥಿ ರೋಗಿಯನ್ನು ಕಾಣಬೇಕು, ಯಾವ ಕೆಲಸ ಕೈಯಾರೆ ಮಾಡಲು ಬರುತ್ತದೆ ಎಂಬುದನ್ನು ತೋರಿಸಬೇಕು ಎಂದಾಯಿತು. ಪುಸ್ತಕ ಬಾಯಿಪಾಠ ಮಾಡಿದವನ ಕೈಗೆ ಯಾರೂ ಸಿರಿಂಜ್ ಕೊಡುವುದಿಲ್ಲ. ಇದೇ ಊರಿನ ಬಿ.ಎ. ಇತಿಹಾಸದ ಹುಡುಗ ಮಾತ್ರ ಒಂದು ಶಾಸನವನ್ನೂ ಕಣ್ಣಿಟ್ಟು ನೋಡದೆ ಪದವೀಧರನಾಗಬಹುದು, ಅದೂ ಆದಿಲ್‌ಶಾಹಿಗಳ ರಾಜಧಾನಿಯಲ್ಲಿ! ಕಲಾ ವಿಭಾಗಕ್ಕೆ ಹುಡುಗರು ಬರುತ್ತಿಲ್ಲ, ವರ್ಕ್‌ಲೋಡ್ ಇಲ್ಲ ಎಂದು ನಾವು ಗೋಳಾಡುತ್ತೇವಲ್ಲ, ಅದರ ತಪ್ಪು ಮಾರುಕಟ್ಟೆಯದಷ್ಟೇ ಅಲ್ಲ. ಕೈಯಿಂದ ಮಾಡುವುದು ಏನೂ ಇಲ್ಲದ ವಿದ್ಯೆಯಾಗಿ ಅದನ್ನು ಮಾಡಿಟ್ಟವರು ನಾವೇ.

ಆ ಡೀಮ್ಡ್ ವಿಶ್ವವಿದ್ಯಾಲಯದ ಮೂಲ ಸಂಸ್ಥೆ 1910ರದು. ಅದನ್ನು ಕಟ್ಟಿದ ಫ.ಗು. ಹಳಕಟ್ಟಿಯವರು ಪ್ರಾಧ್ಯಾಪಕರಲ್ಲ, ಇಲ್ಲಿಯ ಕೋರ್ಟಿನಲ್ಲಿ ವಕೀಲರು. ವಿಶ್ವವಿದ್ಯಾಲಯ ಬೇಕೆಂದು ಕಾಯಲಿಲ್ಲ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ನೆಲೆಗೊಳ್ಳುವ ಹೊತ್ತಿಗೆ ಅವರ ದೊಡ್ಡ ಕೆಲಸವೆಲ್ಲ ಮುಗಿದಿತ್ತು. ಮನೆಮನೆಯ ಜಗಲಿಯ ಮೇಲೆ ಪೂಜೆಗಿಟ್ಟ ತಾಡೋಲೆಗಳನ್ನು ಕೇಳಿ ತಂದರು, ಪ್ರತಿಗೆ ಪ್ರತಿ ಹೋಲಿಸಿದರು, 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ ತಂದರು. ಅಚ್ಚು ಹಾಕಿಸುವ ಪಾಡು ಸಾಕಾಗಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷ ‘ಶಿವಾನುಭವ’ ಪತ್ರಿಕೆ. ಹೆಸರು ತಿಳಿದಿದ್ದ ವಚನಕಾರರು ಆಗ ಸುಮಾರು 50 ಜನ, ಅದನ್ನು ಅವರು 250ರ ಹತ್ತಿರ ಒಯ್ದರು ಎನ್ನುತ್ತಾರೆ. ಪೂಜೆ ಮಾಡುತ್ತಿದ್ದುದನ್ನು ಬಿಚ್ಚಿ ಓದಿದ್ದೇ ಅವರ ವಿದ್ಯೆ. ಈಗ ಅವರ ಫೋಟೋಕ್ಕೆ ಮಾಲೆ ಹಾಕುತ್ತೇವೆ, ಸಂಪುಟಗಳು ಗಾಜಿನ ಕಪಾಟಿನಲ್ಲಿರುತ್ತವೆ. ನೀನು ಒಂದು ಸಂಪುಟ ತೆಗೆಸಿ ಹುಡುಗರ ಕೈಗೆ ಕೊಡು.

ಇನ್ನೂ ಹಳೆಯದು ಬೇಕೆಂದರೆ ಇದೇ ರಸ್ತೆ ಹಿಡಿದು ಹೋಗು. ಹೊರ್ತಿ ದಾಟಿ ಝಳಕಿಯಲ್ಲಿ ಬಲಕ್ಕೆ ಹೊರಳಿದರೆ ಇಂಡಿ, ಅದರ ಆಚೆ ಸಾಲೋಟಗಿ. ಅಲ್ಲಿಯ ಕಂಬದ ಸಂಸ್ಕೃತ ಶಾಸನ ಕ್ರಿ.ಶ. 945ರದು. ರಾಷ್ಟ್ರಕೂಟ ಮೂರನೇ ಕೃಷ್ಣನ ಮಂತ್ರಿ ನಾರಾಯಣ ಅಲ್ಲೊಂದು ಶಾಲೆ ಕಟ್ಟಿಸಿದ. ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬಂದು ಸೇರಿದ್ದರು, ಅವರು ಉಳಿಯಲು 27 ಮನೆಗಳು, ಖರ್ಚಿಗೆ 500 ನಿವರ್ತನ ಭೂಮಿ, ದೀಪಕ್ಕೆ ಬೇರೆ 12 ನಿವರ್ತನ, ಅಧ್ಯಾಪಕನಿಗೆ 50. ಊರಲ್ಲಿ ಮದುವೆ, ಮುಂಜಿ, ಜವಳ ಆದಾಗಲೂ ಶಾಲೆಗೆ ಇಷ್ಟು ಕೊಡಬೇಕೆಂದು ಗೊತ್ತು ಮಾಡಿದ್ದರು. ನಮಗೂ ಒಂದು ನಳಂದ ಇತ್ತು ಎಂದು ಭಾಷಣ ಮಾಡಲು ಇದನ್ನು ಬಳಸಬೇಡ. ಅದು ಬ್ರಾಹ್ಮಣ ಹುಡುಗರ ಶಾಲೆ, ನೀನೂ ನಾನೂ ಅದರ ಹೊಸ್ತಿಲು ತುಳಿಯುತ್ತಿರಲಿಲ್ಲ. ನೋಡಬೇಕಾದದ್ದು ಲೆಕ್ಕ: ರಾತ್ರಿ ಓದುವ ದೀಪಕ್ಕೂ, ಕಲಿಸುವವನ ಹೊಟ್ಟೆಗೂ ಆ ಕಾಲದವರು ಭೂಮಿ ಬಿಟ್ಟು ಕಲ್ಲಿನಲ್ಲಿ ಬರೆಸಿದ್ದರು.

ಕಲಿಸುವವನ ಹೊಟ್ಟೆ ಎಂದೆ, ನಿನ್ನ ವಿಷಯಕ್ಕೇ ಬರುತ್ತೇನೆ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಮೇಲೆ ನಡೆದಿವೆ. 2021ರ ಕೊನೆಗೆ, ಮತ್ತೆ 2023ರಲ್ಲಿ ಅವರು ಬೀದಿಗೆ ಬಂದರು. ಗೌರವಧನ ಸ್ವಲ್ಪ ಏರಿತು, ಕೆಲಸ ಕಾಯಂ ಆಗಲಿಲ್ಲ. ವರ್ಷಾವರ್ಷ ಕೌನ್ಸೆಲಿಂಗ್, ರಜೆಯಲ್ಲಿ ಪಗಾರ ಇಲ್ಲ. ಇದು ಅನ್ಯಾಯ, ಸೇವಾ ಮನೋಭಾವ ಎಂಬ ಬಣ್ಣ ಹಚ್ಚಿ ನಿನ್ನನ್ನು ಸಮಾಧಾನ ಮಾಡುವ ಮನಸ್ಸು ನನಗಿಲ್ಲ. ಸಂಘಕ್ಕೆ ಸೇರು, ಧರಣಿಗೆ ಕರೆದರೆ ಹೋಗು. ಜೊತೆಗೇ ಕೆ-ಸೆಟ್, ನೆಟ್ ಬಿಡಬೇಡ. ವಿದ್ಯಾರ್ಹತೆಯ ತಕರಾರು ಬಂದಾಗ ಮೊದಲು ಹೊರಗೆ ಹೋದವರು ಅವಿಲ್ಲದವರೇ. ಕೆಲಸಕ್ಕೆ ಕಾಯುವುದು ಹೊಸದೂ ಅಲ್ಲ: ಕವಿ ಬೇಂದ್ರೆಯವರು ಈ ರಸ್ತೆಯ ಆ ತುದಿಯಲ್ಲಿ, ಸೊಲ್ಲಾಪುರದ ಡಿ.ಎ.ವಿ. ಕಾಲೇಜಿಗೆ ಕನ್ನಡ ಪ್ರಾಧ್ಯಾಪಕರಾಗಿ ಸೇರಿದ್ದು 1944ರಲ್ಲಿ, 48ನೇ ವಯಸ್ಸಿಗೆ. ಅದಕ್ಕೂ ಮುಂಚೆ ಒಂದು ಕವಿತೆಯ ದೆಸೆಯಿಂದ ಜೈಲು, ಆಮೇಲೆ ವರ್ಷಗಟ್ಟಲೆ ನೌಕರಿಯಿಲ್ಲ. (ಈ ಕಥೆಯನ್ನು ಇಲಾಖೆಯವರಿಗೆ ಹೇಳಬೇಡ, ಬೇಂದ್ರೆಯವರೇ ಕಾದಿದ್ದರು, ನಿಮಗೇನು ಅವಸರ ಎಂದಾರು.)

ಪಿಎಚ್‌ಡಿ ಮಾಡುವೆಯಾದರೆ ಊರಿನದನ್ನೇ ಹಿಡಿ. ಆಸಾರ ಮಹಲಿನ ಗ್ರಂಥಭಂಡಾರದಲ್ಲಿ ಉಳಿದಿದ್ದ ಅರಬ್ಬಿ, ಪರ್ಷಿಯನ್ ಹಸ್ತಪ್ರತಿಗಳನ್ನು ಬ್ರಿಟಿಷರು 19ನೇ ಶತಮಾನದ ನಡುವೆ ಲಂಡನ್ನಿಗೆ ಸಾಗಿಸಿದರು, ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಇಲ್ಲಿ ಹಳಕಟ್ಟಿ ಸಂಶೋಧನ ಕೇಂದ್ರದವರು ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಆದಿಲ್‌ಶಾಹಿ ಸಾಹಿತ್ಯವನ್ನು ಕನ್ನಡಕ್ಕೆ ತರುವ ಯೋಜನೆ ಕೈಗೊಂಡರು. ಮುಂದುವರಿಸಲು ಪರ್ಷಿಯನ್ ಬರಬೇಕು, ಮೋಡಿ ಲಿಪಿ ಬರಬೇಕು. ಒಂದನ್ನಾದರೂ ಕಲಿ. ಬೇರೆಯವರ ನಾಲ್ಕು ಪ್ರಬಂಧ ಸೇರಿಸಿ ಐದನೆಯದು ಮಾಡುವುದಾದರೆ ಆ ಪದವಿಯೇ ಬೇಡ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕನ್ನಡದಲ್ಲಿ ವಿಚಾರ ಮಾಡಿಸು, ವಾರಕ್ಕೊಂದು ಪುಟ ಇಂಗ್ಲಿಷ್ ಮೂಲವನ್ನು ಜೊತೆಯಲ್ಲಿ ಕೂತು ಓದಿಸು. ಸಾಲೋಟಗಿಯ ಶಾಸನಪಾಠವಿರುವುದು ‘ಎಪಿಗ್ರಾಫಿಯಾ ಇಂಡಿಕಾ’ದ 4ನೇ ಸಂಪುಟದಲ್ಲಿ, ಅಲ್ಲಿಂದಲೇ ಶುರು ಮಾಡು.

ಹೆದರಬೇಡ ಎನ್ನಲು ಒಂದೇ ಕಾರಣವಿದೆ, ನಿನ್ನ ಬೆಂಚಿನ ಮೇಲೆ ಕೂತವರು. 2021-22ರ ಅಖಿಲ ಭಾರತ ಸಮೀಕ್ಷೆಯಲ್ಲಿ ಉನ್ನತ ಶಿಕ್ಷಣಕ್ಕೆ ಸೇರಿದವರ ಪ್ರಮಾಣ ದೇಶದಲ್ಲಿ ಶೇ. 28.4, ಕರ್ನಾಟಕದಲ್ಲಿ ಶೇ. 36.2. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ತೋಟಗಳಲ್ಲಿ ಕೂಲಿಗೆ ಹೋಗುವವರ ಮಗಳು ಬಿ.ಎ. ಓದುತ್ತಿದ್ದಾಳೆ. 2003ರಲ್ಲಿ ನಮ್ಮೂರಿಗೆ ಮಹಿಳಾ ವಿಶ್ವವಿದ್ಯಾಲಯ ಬಂತು. ಅದಿರುವ ತೊರವಿ ತಿಕೋಟಾದ ಹುಡುಗಿಗೆ ದಾರಿಯ ಮೇಲೇ ಸಿಗುತ್ತದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸೂ ಪುಕ್ಕಟೆ. ಮನೆಯಲ್ಲಿ ಮೊದಲ ಸಲ ಕಾಲೇಜು ಕಂಡ ಹುಡುಗಿ ಅದು. ಅವಳಿಗೆ ಗೈಡು ಕೊಳ್ಳಲೂ ದುಡ್ಡಿಲ್ಲ, ಕೋಚಿಂಗಿಗೂ ಇಲ್ಲ. ನೀನು ಆ ತಾಸು ಹಾಳುಮಾಡಿದರೆ ಅವಳಿಗೆ ಬೇರೆ ತಾಸು ಸಿಗುವುದಿಲ್ಲ.

ಈ ಸೆಮಿಸ್ಟರ್ ಮುಗಿಯುವುದರೊಳಗೆ ತರಗತಿಯನ್ನು ಗೋಳಗುಮ್ಮಟದ ಎದುರಿನ ನಗಾರಖಾನೆಯ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗು. ಶಾಸನದ ಕಲ್ಲುಗಳಿವೆ, ಇಬ್ಬಿಬ್ಬರಿಗೆ ಒಂದೊಂದು ಕಲ್ಲು ಹಂಚಿ, ಓದಲು ಬಂದಷ್ಟು ಅಕ್ಷರ ಬರೆದುಕೊಂಡು ಬರಲು ಹೇಳು. ಹುಡುಗಿಯರಿಗೆ ಬಸ್ಸಿನ ಖರ್ಚಿಲ್ಲ, ಹುಡುಗರ ಟಿಕೀಟು ನನ್ನ ಲೆಕ್ಕಕ್ಕೆ ಬರೆ. ಪ್ರಾಚಾರ್ಯರ ಪರವಾನಗಿ ಮೊದಲೇ ತೆಗೆದುಕೊ. ಶುಕ್ರವಾರ ಇಟ್ಟುಕೊಳ್ಳಬೇಡ, ಅಂದು ಮ್ಯೂಸಿಯಂ ಮುಚ್ಚಿರುತ್ತದೆ.