ದೊಡ್ಡ ಗಾಡಿ ನೋವನ್ನು ತಡವಾಗಿ ಹೇಳುತ್ತದೆ

ಕಳೆದ ಚೌತಿಗೆ ತಂಗಿಯ ಮಗ ಬೆಂಗಳೂರಿನಿಂದ ಫಾರ್ಚೂನರ್ ತಂದಿದ್ದ. ಸೆಕೆಂಡ್ ಹ್ಯಾಂಡ್ ಗಾಡಿ, ಆದರೆ ಹೊಸದರಂತೆ ಹೊಳೆಯುತ್ತಿತ್ತು. ಉಮ್ಮಚಗಿಯ ನಮ್ಮ ಮನೆಯ ಇಳುಕಲಿನಲ್ಲಿ ಮಳೆನೀರು ಕೊರೆದ ಒಂದು ಕೊರಕಲಿದೆ. ಅದನ್ನು ದಾಟುವಾಗ ಮುಂದಿನ ಬಲಗಾಲಿಯ ಹತ್ತಿರ ಟಕ್, ಟಕ್ ಎಂದು ಎರಡು ಸದ್ದು ಬಂತು. ಅಂಗಳದಲ್ಲಿ ನಿಂತ ನನಗೆ ಸ್ಪಷ್ಟವಾಗಿ ಕೇಳಿಸಿತು. ಆಸರಿಗೆ ಕುಡಿದು ಕವಳದ ಬಟ್ಟಲಿನ ಮುಂದೆ ಕೂತ ಮೇಲೆ ಕೇಳಿದೆ, ಅದೆಂತ ಸದ್ದೋ ಮಾಣಿ ಎಂದು. "ಎಂತೂ ಆಜಿಲ್ಲೆ ಮಾವಾ, ಒಳಗೆ ಕೂತ್ರೆ ಕೇಳ್ತೇ ಇಲ್ಲೆ" ಎಂದ.

ಈ ಮಾತಿಗಾಗಿಯೇ ನಾನು ಇದನ್ನು ಬರೆಯುತ್ತಿದ್ದೇನೆ. ನಮ್ಮ ಯಲ್ಲಾಪುರ, ಶಿರಸಿ, ಸಿದ್ದಾಪುರದ ಹಳ್ಳಿಗಳಿಗೆ ಈಗ ಫಾರ್ಚೂನರ್, ಸ್ಕಾರ್ಪಿಯೋ, ಸಫಾರಿಗಳು ಹಬ್ಬಕ್ಕೂ ಬರುತ್ತವೆ, ಕೆಲವರ ಮನೆಯಲ್ಲಿ ಕಾಯಂ ಆಗಿಯೂ ಇವೆ. ಗಾಡಿ ದೊಡ್ಡದು, ಅದಕ್ಕೆ ಎಂತದೂ ಆಗುವುದಿಲ್ಲ ಎಂಬ ನಂಬಿಕೆ ಓಡಿಸುವವರಲ್ಲಿ ಬೇರೂರಿದೆ. ತಮ್ಮಂದಿರೇ, ಆಗುವುದು ಆಗಿಯೇ ಆಗುತ್ತದೆ. ಎರಡು ಟನ್ನಿನ ಆಸುಪಾಸಿನ ತೂಕ, ದಪ್ಪ ಟಯರು, ಮೆತ್ತನೆಯ ಸೀಟು, ಮುಚ್ಚಿದ ಗಾಜು, ಜೊತೆಗೆ ಹಾಡು ಇದ್ದರೆ ಅದು ನಿಮಗೆ ಕೇಳಿಸುವುದಿಲ್ಲ, ಅಷ್ಟೇ.

ನಾನು ಗಾಡಿ ಕಲಿತದ್ದು ಮಹೀಂದ್ರಾ ಜೀಪಿನಲ್ಲಿ. ಅದರ ನಾಲ್ಕೂ ಗಾಲಿಗೆ ಕಮಾನು ಪಟ್ಟಿಗಳೇ. ಒಂದು ಪಟ್ಟಿ ತುಂಡಾದರೆ ಸೊಂಟಕ್ಕೆ ಗೊತ್ತಾಗುತ್ತಿತ್ತು, ಶ್ಯಾಕಲ್‌ಗೆ ಗ್ರೀಸು ಒಣಗಿದರೆ ಓಣಿಗೆಲ್ಲ ಕೇಳುವಂತೆ ಕಿರುಗುಡುತ್ತಿತ್ತು. ಬೊಲೆರೋ ಹಿಂಭಾಗದಲ್ಲಿ ಇವತ್ತಿಗೂ ಅದೇ ಪಟ್ಟಿ ಇದೆ. ಅಂಥ ಗಾಡಿಗಳು ನೋವನ್ನು ಬೇಗ ಹೇಳುತ್ತವೆ, ದೊಡ್ಡ ಗಾಡಿ ತಡವಾಗಿ ಹೇಳುತ್ತದೆ. ಅದು ಬಾಯಿ ಬಿಡುವ ಮೊದಲೇ ನಾವು ಅಡಿಗೆ ಬಗ್ಗಿ ನೋಡಬೇಕು.

ಅಡಿಯಲ್ಲಿ ಏನಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಎತ್ತಿನ ಗಾಡಿಗೆ ಸ್ಪ್ರಿಂಗ್ ಇರಲಿಲ್ಲ. ಹಾಗಾಗಿ ವಯಸ್ಸಾದವರನ್ನು ಜಾತ್ರೆಗೆ ಕರೆದೊಯ್ಯುವಾಗ ದಪ್ಪಗೆ ಹುಲ್ಲು ಹಾಸುತ್ತಿದ್ದರು. ಹುಲ್ಲು ತಗ್ಗುತ್ತದೆ, ಮತ್ತೆ ಏಳುವುದಿಲ್ಲ. ಸ್ಪ್ರಿಂಗ್ ತಗ್ಗಿ ಏಳುತ್ತದೆ. ಹೊರೆ ಎಷ್ಟು ಹೆಚ್ಚುತ್ತದೋ ಸ್ಪ್ರಿಂಗ್ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ ಎಂಬುದನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲೇ ಬರೆದಿಟ್ಟ. ಆದರೆ ಏಳುವ ಸ್ಪ್ರಿಂಗ್ ಅಲ್ಲಿಗೇ ನಿಲ್ಲುವುದಿಲ್ಲ, ಮತ್ತೆ ತಗ್ಗುತ್ತದೆ, ಮತ್ತೆ ಏಳುತ್ತದೆ. ಆ ಕುಣಿತವನ್ನು ನಿಲ್ಲಿಸುವ ಕೆಲಸ ಶಾಕ್ ಅಬ್ಸಾರ್ಬರಿನದು. ಎಣ್ಣೆ ತುಂಬಿದ ಕೊಳವೆ, ಅದರೊಳಗೆ ಓಡಾಡುವ ಪಿಸ್ಟನ್ನು, ಪಿಸ್ಟನ್ನಿನಲ್ಲಿ ಸಣ್ಣ ತೂತುಗಳು. ಎಣ್ಣೆ ಆ ತೂತುಗಳಲ್ಲಿ ನುಸುಳಿ ಹೋಗುವಾಗ ಕುಣಿತವೆಲ್ಲ ಬಿಸಿಯಾಗಿ ಕರಗುತ್ತದೆ. ಹೆಸರು ಶಾಕ್ ಅಬ್ಸಾರ್ಬರ್ ಆದರೂ ಪೆಟ್ಟನ್ನು ಮೊದಲು ಹೊರುವುದು ಟಯರು ಮತ್ತು ಸ್ಪ್ರಿಂಗು. ಈ ವ್ಯತ್ಯಾಸ ಗೊತ್ತಿಲ್ಲದೆ ಗಾಡಿ ತಗ್ಗಿದರೂ "ಶಾಕ್ಸ್ ಹೋಗಿದೆ", ಸದ್ದಾದರೂ "ಶಾಕ್ಸ್ ಹೋಗಿದೆ" ಎಂದು ದುಡ್ಡು ಸುರಿಯುವವರನ್ನು ಬಹಳ ನೋಡಿದ್ದೇನೆ.

ಮೂರನೆಯದು ಕೀಲುಗಳು. ಹೆಚ್ಚಿನ ತಂಟೆ ಇರುವುದು ಅಲ್ಲೇ. ಬಿಡದಿಯ ಟೊಯೋಟಾ ಕಾರ್ಖಾನೆಯಿಂದ 2009ರಿಂದ ಬರುತ್ತಿರುವ ಫಾರ್ಚೂನರನ್ನೇ ತೆಗೆದುಕೊಳ್ಳಿ. ಅಡಿಯಲ್ಲಿ ಏಣಿಯಂಥ ಚಾಸಿ. ಮುಂದಿನ ಪ್ರತಿ ಗಾಲಿಗೆ ಮೇಲೊಂದು ಕೆಳಗೊಂದು ತೋಳು, ನಡುವೆ ಸುರುಳಿ ಸ್ಪ್ರಿಂಗು. ಹಿಂದೆ ಇಡೀ ಆಕ್ಸಲನ್ನು ನಾಲ್ಕು ಉದ್ದುದ್ದ ಕಡ್ಡಿಗಳು ಹಿಡಿದುಕೊಂಡಿವೆ, ಅದು ಪಕ್ಕಕ್ಕೆ ಜಾರದಂತೆ ಅಡ್ಡಲಾಗಿ ಇನ್ನೊಂದು ಕಡ್ಡಿ. 2022ರ ಸ್ಕಾರ್ಪಿಯೋ ಎನ್‌ನಲ್ಲೂ ಮುಂದೆ ಎರಡು ತೋಳುಗಳದೇ ಏರ್ಪಾಡು. ಈ ತೋಳು, ಕಡ್ಡಿಗಳ ತುದಿಗಳಲ್ಲಿ ರಬ್ಬರಿನ ಬುಷ್‌ಗಳಿವೆ. ಗಾಲಿ ತಿರುಗಬೇಕಾದ ಕಡೆ ಬಾಲ್ ಜಾಯಿಂಟ್, ಅದರ ಮೇಲೆ ರಬ್ಬರಿನ ಬೂಟು. ಒಂದು ಬೂಟು ಹರಿದರೆ ನಮ್ಮ ಕೆಂಪು ರಾಡಿ ಒಳಗೆ ಹೋಗಿ ಗ್ರೀಸನ್ನು ತೊಳೆದು ಹಾಕುತ್ತದೆ. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ತಿಕ್ಕುತ್ತದೆ. ತೀರಾ ಸವೆದ ಬಾಲ್ ಜಾಯಿಂಟ್ ಕಳಚಿಕೊಂಡರೆ ಗಾಲಿ ಮಡಚಿ ಬೀಳುತ್ತದೆ. ಅಂಗಳದಲ್ಲಾದರೆ ನಷ್ಟ ದುಡ್ಡಿನದು. ಅರಬೈಲ್ ಘಟ್ಟದ ತಿರುವಿನಲ್ಲಾದರೆ?

ಅಳಿಯನ ಗಾಡಿಯ ಕೀಲೂ ಈ ದಾರಿಯಲ್ಲೇ ಇತ್ತು. ಮರುದಿನ ಬೆಳಗ್ಗೆ ಗಾಲಿ ಕಳಚಿ ನೋಡಿದೆವು. ಟಕ್ ಎನ್ನುತ್ತಿದ್ದುದು ಸ್ಟೆಬಿಲೈಸರ್ ಲಿಂಕ್ ರಾಡ್, ಗೇಣುದ್ದದ ಒಂದು ಕಡ್ಡಿ. ಅದೊಂದೇ ಆಗಿದ್ದರೆ ಬೆಂಗಳೂರಿಗೆ ಹೋಗಿ ಹಾಕಿಸಿಕೋ ಎನ್ನುತ್ತಿದ್ದೆ. ಆದರೆ ಪಕ್ಕದಲ್ಲೇ ಕೆಳತೋಳಿನ ಬಾಲ್ ಜಾಯಿಂಟಿನ ಬೂಟು ಬಾಯಿ ಬಿಟ್ಟಿತ್ತು, ಒಳಗೆ ಮಣ್ಣು ಮೆತ್ತಿತ್ತು. ಹಾರೆ ಕೊಟ್ಟು ಎತ್ತಿದರೆ ಅಲುಗಾಟ ಕಣ್ಣಿಗೆ ಕಾಣುತ್ತಿತ್ತು. ಅದಕ್ಕೂ ಒಂದು ತಿಂಗಳ ಹಿಂದೆ ಅವನು ಪೇಟೆಯ ಒಂದು ಗ್ಯಾರೇಜಿನಲ್ಲಿ ಇದೇ ಸದ್ದಿಗೆ ಎರಡು ಹೊಸ ಶಾಕ್ಸ್ ಹಾಕಿಸಿದ್ದ. ಅಲೈನ್‌ಮೆಂಟನ್ನೂ ಮಾಡಿಸಿದ್ದ. ಸವೆದ ಕೀಲುಗಳನ್ನು ಹಾಗೇ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸುವುದು ಕೊಳೆತ ಕಂಬಕ್ಕೆ ಗುಂಡುನೂಲು ಹಿಡಿದಂತೆ. ಮೊದಲು ಕೀಲು ಬದಲಿಸಿ, ಆಮೇಲೆ ಅಲೈನ್‌ಮೆಂಟ್. ಈ ಕ್ರಮ ತಪ್ಪಿದರೆ ಎರಡು ಸಲ ದುಡ್ಡು ಕೊಡುತ್ತೀರಿ.

ಮನೆಯಲ್ಲೇ ಏನೇನು ನೋಡಬಹುದು ಎಂದು ಕೇಳುತ್ತೀರಿ. ಬಹಳಷ್ಟು ನೋಡಬಹುದು, ಅದಕ್ಕೆ ಯಂತ್ರ ಬೇಡ. ಮೊದಲು ಟಯರನ್ನು ಅಂಗೈಯಿಂದ ಸವರಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುವೆ ಸವೆದಿದ್ದರೆ ಗಾಳಿ ಹೆಚ್ಚು. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ, ಇಲ್ಲವೇ ಕೀಲು ಸಡಿಲಾಗಿದೆ. ಅಲೆ ಅಲೆಯಾಗಿ ಉಬ್ಬು ತಗ್ಗು ಕೈಗೆ ಸಿಕ್ಕಿದರೆ ಮೊದಲು ಬ್ಯಾಲೆನ್ಸಿಂಗ್ ನೋಡಿಸಿ, ಅದು ಸರಿಯಿದ್ದರೆ ಶಾಕ್ಸ್ ಸೋತಿದೆ, ಗಾಲಿ ನೆಲ ಹಿಡಿಯದೆ ಜಿಗಿಯುತ್ತ ಓಡುತ್ತಿದೆ ಎಂದರ್ಥ. ಜಿಗಿಯುವ ಗಾಲಿಗೆ ಬ್ರೇಕೂ ಸರಿಯಾಗಿ ಹಿಡಿಯುವುದಿಲ್ಲ. ಸಣ್ಣ ಕಾರಿನ ಮೂಲೆಯನ್ನು ಕೈಯಿಂದ ಒತ್ತಿ ಶಾಕ್ಸ್ ನೋಡುವ ಪದ್ಧತಿ ಇದೆಯಲ್ಲ, ಈ ತೂಕದ ಗಾಡಿಗೆ ಅದನ್ನು ನಂಬಬೇಡಿ. ಕೊಳವೆಯನ್ನೇ ನೋಡಿ. ತೆಳ್ಳಗೆ ಪಸೆ ಇದ್ದರೆ ಗಾಬರಿ ಬೇಡ. ಎಣ್ಣೆ ಇಳಿದು ಅದರ ಮೇಲೆ ಧೂಳು ಕೆಸರಾಗಿ ಅಂಟಿದ್ದರೆ ಬದಲಿಸುವ ಕಾಲ ಬಂದಿದೆ. ಒಂದೇ ಕಡೆಯದು ಹೋಗಿದ್ದರೂ ಅದೇ ಆಕ್ಸಲಿನ ಎರಡನ್ನೂ ಬದಲಿಸಿ. ಒಂದು ಹೊಸದು, ಒಂದು ಹಳೆಯದು ಇದ್ದರೆ ಗಾಡಿ ಎರಡು ಮನಸ್ಸಿನಿಂದ ಓಡುತ್ತದೆ. ಸ್ಪ್ರಿಂಗಿಗೂ ಇದೇ ಮಾತು.

ಸ್ಪ್ರಿಂಗ್ ತಗ್ಗಿದೆಯೇ ಎಂದು ತಿಳಿಯಲು ಒಂದು ಟೇಪು ಸಾಕು. ಸಮತಟ್ಟಾದ ಅಂಗಳದಲ್ಲಿ ಸಾಮಾನು ಇಳಿಸಿ ನಿಲ್ಲಿಸಿ, ಗಾಲಿಯ ನಡುಮಧ್ಯದಿಂದ ಮೇಲಿನ ಕಮಾನಿನ ಅಂಚಿನವರೆಗೆ ಅಳೆಯಿರಿ. ಎಡ ಬಲಗಳ ಅಳತೆ ಹತ್ತಿರ ಹತ್ತಿರ ಇರಬೇಕು. ಗಾಡಿ ಹೊಸದಿರುವಾಗಲೇ ನಾಲ್ಕೂ ಅಳತೆಗಳನ್ನು ಡೈರಿಯಲ್ಲಿ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು, ಆಮೇಲೆ ಯಾರನ್ನೂ ಕೇಳಬೇಕಾಗಿಲ್ಲ. ಹಿಂಭಾಗ ತಗ್ಗಿದ ಗಾಡಿಯ ಹೆಡ್‌ಲೈಟು ಆಕಾಶ ನೋಡುತ್ತದೆ. ಘಟ್ಟದಲ್ಲಿ ಎದುರು ಬರುವವನ ಕಣ್ಣು ಕುಕ್ಕುವುದು ಎಷ್ಟೋ ಸಲ ಬಲ್ಬಿನ ತಪ್ಪಲ್ಲ.

ಅಡಿಗೆ ಬಗ್ಗುವಾಗ ಮಾತ್ರ ಒಂದು ಎಚ್ಚರ. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಗಾಲಿಗೆ ಕಲ್ಲು ಕೊಟ್ಟು ಚಾಸಿಗೆ ಗಟ್ಟಿ ಸ್ಟ್ಯಾಂಡು ಇಡಿ. ಇಲ್ಲದಿದ್ದರೆ ಗುಂಡಿ ಇರುವ ಗ್ಯಾರೇಜಿಗೆ ಒಯ್ಯಿರಿ.

ಇನ್ನು ಬುಷ್‌ನ ವಿಷಯ. ಇದರಲ್ಲಿ ಅನೇಕ ಮೇಸ್ತ್ರಿಗಳೂ ತಪ್ಪುತ್ತಾರೆ, ಆದ್ದರಿಂದ ಗಮನ ಕೊಡಿ. ಗಾಡಿ ಎತ್ತಿ ಗಾಲಿ ಜೋಲಾಡುತ್ತಿರುವಾಗ ಹೊಸ ಬುಷ್ ಹಾಕಿ ಅಲ್ಲೇ ಬೋಲ್ಟನ್ನು ಪೂರ್ತಿ ಬಿಗಿದರೆ ರಬ್ಬರು ಆ ಜೋಲು ಭಂಗಿಯಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ಇಳಿಸಿದ ಕೂಡಲೇ ತಿರುಚಿಕೊಂಡು ಇಪ್ಪತ್ನಾಲ್ಕು ತಾಸೂ ಹಾಗೇ ಇರುತ್ತದೆ, ಬೇಗ ಹರಿಯುತ್ತದೆ. ಕೊನೆಯ ಬಿಗಿತವನ್ನು ಗಾಡಿಯ ಭಾರ ಗಾಲಿಯ ಮೇಲೆ ಕೂತ ಮೇಲೆಯೇ ಕೊಡಬೇಕು. "ಇಳಿಸಿದ ಮೇಲೆ ಟೈಟ್ ಮಾಡಿ" ಎಂದು ನಿಂತು ಹೇಳಿ. ಬದಲಿಸಿದ ಹಳೆಯ ಸಾಮಾನನ್ನೂ ಬಿಲ್ಲನ್ನೂ ಕೇಳಿ ಪಡೆಯಿರಿ. ಅದು ನಿಮ್ಮ ಹಕ್ಕು, ಅದರಲ್ಲಿ ಸಂಕೋಚ ಬೇಡ.

ಮಳೆಗಾಲಕ್ಕೆ ಮೊದಲು ವಾಟರ್ ಸರ್ವಿಸ್ ಮಾಡಿಸಿ ತುಕ್ಕು ಹಿಡಿಯದಿರಲಿ ಎಂದು ಅಡಿಗೆಲ್ಲ ಡೀಸೆಲ್ಲನ್ನೋ ಕರಿ ಆಯಿಲನ್ನೋ ಹೊಡೆಸುವ ರೂಢಿ ನಮ್ಮ ಕಡೆ ಇದೆ. ಕಮಾನು ಪಟ್ಟಿಯ ಕಾಲದಿಂದ ಬಂದದ್ದು. ಕೀಲೆಣ್ಣೆ ಹಾಕಿದ ಎತ್ತಿನ ಗಾಡಿಯ ನೆನಪೂ ಅದರಲ್ಲಿ ಇದ್ದೀತು. ಈಗಿನ ಗಾಡಿಗೆ ಅದನ್ನು ಮಾಡಿಸಬೇಡಿ. ಆ ಎಣ್ಣೆಗೆ ಬುಷ್ ಮತ್ತು ಬೂಟುಗಳ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ತೊಳೆದು ಹೋದದ್ದು ನಮ್ಮದೇ ತೋಟದ ಕಾದಿಗೆಗೆ ಸೇರುತ್ತದೆ. ಶುದ್ಧ ನೀರಿನಿಂದ ಕೆಸರು ತೊಳೆದರೆ ಸಾಕು, ಆದರೆ ಮಳೆಗಾಲ ಮುಗಿದ ಮೇಲೆ ತಪ್ಪದೆ ತೊಳೆಸಿ. ಸ್ಪ್ರಿಂಗಿನ ಬುಡದಲ್ಲಿ ಕೂತ ರಾಡಿ ಅಲ್ಲೇ ಗಟ್ಟಿಯಾಗಿ ತುಕ್ಕು ಹಿಡಿಸುತ್ತದೆ, ಬಿರುಕನ್ನೂ ಮುಚ್ಚಿಡುತ್ತದೆ.

ಹೊರೆಯ ಬಗ್ಗೆ ಗಟ್ಟಿಯಾಗಿಯೇ ಹೇಳುತ್ತೇನೆ. ಏಳು ಸೀಟಿನ ಗಾಡಿಯ ಹಿಂದಿನ ಸೀಟು ಮಡಚಿ ಅಡಿಕೆ ಚೀಲ ತುಂಬಿ ಶಿರಸಿ ಪೇಟೆಗೆ ಹೊರಡುವವರಿದ್ದಾರೆ. ಹೊರುವ ಮಿತಿಯಲ್ಲಿ ಕೂತ ಜನರ ತೂಕವೂ ಸೇರುತ್ತದೆ ಎಂಬುದು ಮರೆತು ಹೋಗುತ್ತದೆ. ಚೀಲಗಳೆಲ್ಲ ಹಿಂದಿನ ಆಕ್ಸಲಿಗಿಂತ ಹಿಂದೆ ಕೂತರೆ ಮುಂಭಾಗ ಹಗುರಾಗಿ ಸ್ಟೀರಿಂಗು ತೇಲುತ್ತದೆ. ಒಯ್ಯಲೇಬೇಕಾದರೆ ಆದಷ್ಟು ಮುಂದಕ್ಕೆ, ತಗ್ಗಿನಲ್ಲಿ ಇಡಿ. ಟಯರಿನ ಗಾಳಿಯನ್ನು ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಬರೆದಷ್ಟೇ ಹಾಕಿ. ಚೀಲ ಒಯ್ಯಲು ಪಿಕಪ್ ಇದೆ. ಗಾಡಿಯನ್ನು ಎತ್ತರಿಸಲು ಸ್ಪ್ರಿಂಗಿನ ಮೇಲೆ ತುಂಡು ಕೂರಿಸುವ ಗೀಳು ಹುಡುಗರಲ್ಲಿ ಹೆಚ್ಚುತ್ತಿದೆ. ಎತ್ತರವಾದಷ್ಟೂ ತೋಳುಗಳ ಕೋನ ಬದಲಾಗಿ ಬಾಲ್ ಜಾಯಿಂಟ್ ಬೇಗ ಸಾಯುತ್ತದೆ, ತಿರುವಿನಲ್ಲಿ ಗಾಡಿ ಹೆಚ್ಚು ವಾಲುತ್ತದೆ. ಕಂಪನಿ ಕೊಟ್ಟ ರಚನೆಯನ್ನು ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಮೂ ಅಡ್ಡಬರುತ್ತದೆ.

ಓಡಿಸುವಾಗ ಒಂದೇ ಒಂದು ಅಭ್ಯಾಸ ಮಾಡಿಕೊಳ್ಳಿ. ಹೊಂಡ ಕಂಡೊಡನೆ ಬ್ರೇಕ್ ಒತ್ತುವುದು ಸರಿ, ಆದರೆ ಗಾಲಿ ಹೊಂಡಕ್ಕೆ ಇಳಿಯುವ ಹೊತ್ತಿಗೆ ಕಾಲು ಸಡಿಲಿಸಿ. ಬ್ರೇಕ್ ಒತ್ತಿಯೇ ಇದ್ದರೆ ಗಾಡಿ ಮೂಗು ತಗ್ಗಿಸಿ ಮುಂದಿನ ಸ್ಪ್ರಿಂಗು ಮೊದಲೇ ಕುಗ್ಗಿರುತ್ತದೆ, ಪೆಟ್ಟು ತಿನ್ನಲು ಅದಕ್ಕೆ ಜಾಗವೇ ಉಳಿದಿರುವುದಿಲ್ಲ. ಚಾಸಿಗೆ ಬೀಳುವ ಧಡ್ ಎಂಬ ಪೆಟ್ಟು ಅದೇ.

ಅಳಿಯ ಎರಡು ದಿನ ಹೆಚ್ಚು ಉಳಿದ. ಹುಬ್ಬಳ್ಳಿಯಿಂದ ಸಾಮಾನು ತರಿಸಿ ಹಾಕಿದೆವು, ಅಲೈನ್‌ಮೆಂಟ್ ಮಾಡಿಸಿಯೇ ಕಳಿಸಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಆಯುಧಪೂಜೆ ಬರುತ್ತದೆ. ಹೂವಿನ ಹಾರ ಹಾಕುವ ಹಿಂದಿನ ದಿನ ಕಿಟಕಿ ಇಳಿಸಿ, ಹಾಡು ನಿಲ್ಲಿಸಿ, ಮನೆಯ ಇಳುಕಲಿನಲ್ಲಿ ನಿಧಾನಕ್ಕೆ ಒಮ್ಮೆ ಇಳಿಯಿರಿ. ಹೊರಗೆ ಒಬ್ಬರನ್ನು ನಿಲ್ಲಿಸಿ ಕಿವಿಗೊಡಲು ಹೇಳಿ. ಉಮ್ಮಚಗಿಯ ಕಡೆ ಬಂದವರು ನಮ್ಮಲ್ಲಿಗೂ ಬನ್ನಿ, ಅಂಗಳ ಸಮತಟ್ಟಾಗಿದೆ, ಟೇಪು ನನ್ನ ಹತ್ತಿರ ಇದೆ.