ಜಗುಲಿ ಕಂಬದ ಬೂಷ್ಟು: ತೊಳೆಯುವ ಮೊದಲು ತಿಳಿಯಬೇಕಾದ ಸಂಗತಿಗಳು



ಮಳೆಗಾಲ ಕಳೆದ ಮೇಲೆ ಸಂಘದ ಕಚೇರಿಗೆ ಬರುವವರು ಅಡಿಕೆ ಧಾರಣೆ, ಗೊಬ್ಬರದ ಮಾತು ಮುಗಿದೊಡನೆ ಇನ್ನೊಂದು ಪ್ರಶ್ನೆ ಕೇಳುವುದುಂಟು: "ಜಗುಲಿ ಕಂಬಕ್ಕೆ ಕಪ್ಪು ಬೂಷ್ಟು ಹಿಡಿದಿದೆ, ಏನು ಹಚ್ಚಬೇಕು ಸ್ವಾಮಿ?" ನಮ್ಮ ಕೆರಗೋಡು ಕಡೆಯ ಹಳೆಯ ತೊಟ್ಟಿ ಮನೆಗಳಲ್ಲಿ ಹಲಸು, ತೇಗ, ಹೊನ್ನೆಯ ಕಂಬಗಳು ಇನ್ನೂ ಹೊರೆ ಹೊತ್ತು ನಿಂತಿವೆ. ಮಲೆನಾಡಿನ ಕಾಫಿ ಬೆಳೆಗಾರರ ಕಣದ ಮನೆ, ತೋಟದ ಗೇಟುಗಳಲ್ಲೂ ಇಂಥ ಮರವಿದೆ. ಈಗ ಅಂಥ ಮರವನ್ನು ಕೊಳ್ಳುವ ಶಕ್ತಿ ನಮ್ಮಲ್ಲಿ ಎಷ್ಟು ಜನಕ್ಕಿದೆ? ಆದ್ದರಿಂದ ಈ ಪಾಠ.

ಮೊದಲು ರೋಗ ಯಾವುದೆಂದು ತಿಳಿಯಿರಿ

1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಡಾ. ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ತೋಟದಲ್ಲೇ ನಿಂತು ಅಭ್ಯಾಸ ಮಾಡಿ, ಅದರ ಮೂಲವನ್ನು ಗುರುತಿಸಿದ ಮೇಲೆಯೇ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ರೂಢಿಗೆ ತಂದರು. ನಮ್ಮ ಮಂಡ್ಯದ ವಿ.ಸಿ. ಫಾರಂ ಆರಂಭಕ್ಕೂ ಅವರೇ ಕಾರಣರು. ಗುರುತಿಸಿದ ಮೇಲೆ ಔಷಧಿ ಎಂಬ ಆ ನಿಯಮ ಮನೆಯ ಮರಕ್ಕೂ ಸಲ್ಲುತ್ತದೆ.

ಹಳೆಯ ಮರದ ಮೇಲೆ ಮೂರು ಬೇರೆ ಬೇರೆ ಸಂಗತಿಗಳಿರುತ್ತವೆ.

1. ಬೂದು ಬಣ್ಣ. ಇದು ರೋಗವಲ್ಲ, ಕೊಳೆಯೂ ಅಲ್ಲ. ಮರದ ನಾರುಗಳನ್ನು ಬಿಗಿದು ಹಿಡಿದಿರುವ ಲಿಗ್ನಿನ್ ಎಂಬ ವಸ್ತುವನ್ನು ಬಿಸಿಲು ಒಡೆಯುತ್ತದೆ, ಮಳೆ ಅದನ್ನು ತೊಳೆದು ಒಯ್ಯುತ್ತದೆ. ಉಳಿದ ನಾರು ಬೆಳ್ಳಿಯಂತೆ ಕಾಣುತ್ತದೆ. ಈ ಪದರ ಒಂದು ಮಿಲಿಮೀಟರಿಗಿಂತಲೂ ತೆಳು. ಅದರ ಕೆಳಗಿನ ಮರ ಗಟ್ಟಿಯಾಗಿಯೇ ಇರುತ್ತದೆ.

2. ಬೂಷ್ಟು. ಕಪ್ಪು ಅಥವಾ ಹಸಿರುಗಪ್ಪು ಚುಕ್ಕೆಗಳು. ಇದು ಮೇಲ್ಮೈಯ ಧೂಳು, ಜಿಡ್ಡು ತಿಂದು ಬದುಕುತ್ತದೆ. ಮರದ ಬಲವನ್ನು ಕುಂದಿಸುವುದಿಲ್ಲ. ಆದರೆ ಇಲ್ಲಿ ನೀರು ನಿಲ್ಲುತ್ತಿದೆ ಎಂದು ಸಾರಿ ಹೇಳುತ್ತದೆ.

3. ಲಡ್ಡು. ಮರವನ್ನೇ ತಿನ್ನುವ ಶಿಲೀಂಧ್ರ. ಅಪಾಯವಿರುವುದು ಇದರಲ್ಲಿ.

ಪರೀಕ್ಷೆ ಸುಲಭ. ಅಂಗಡಿಯಲ್ಲಿ ಸಿಗುವ ದ್ರವರೂಪದ ಬ್ಲೀಚಿನ ಒಂದು ಹನಿಯನ್ನು ಕಪ್ಪು ಕಲೆಯ ಮೇಲೆ ಬಿಡಿ. ಒಂದೆರಡು ನಿಮಿಷದಲ್ಲಿ ಕಲೆ ತಿಳಿಯಾದರೆ ಬೂಷ್ಟು. ಆಗದಿದ್ದರೆ ಧೂಳು, ಇಲ್ಲವೇ ಮೊಳೆಯ ಕಬ್ಬಿಣ ಮರದ ಒಗರಿನೊಡನೆ ಸೇರಿ ಆದ ಕಲೆ. ಆಮೇಲೆ ಗೋಣಿ ಹೊಲಿಯುವ ದಬ್ಬಳ ತಂದು ಕಂಬದ ಬುಡಕ್ಕೆ ಚುಚ್ಚಿ ನೋಡಿ. ಸಲೀಸಾಗಿ ಒಳಗಿಳಿದರೆ ಲಡ್ಡು ಹಿಡಿದಿದೆ. ತೊಳೆಯುವ ಮಾತು ಬಿಟ್ಟು ಬಡಗಿಯನ್ನು ಕರೆಸಿ.

ತೊಳೆಯುವ ಕ್ರಮ

ದೀಪಾವಳಿ ಕಳೆದು ಹಿಂಗಾರು ನಿಂತ ಮೇಲೆ, ಕಂಬಕ್ಕೆ ನೆರಳಿರುವ ಹೊತ್ತಿನಲ್ಲಿ ಕೆಲಸ ಮಾಡಿ.

ಮೊದಲು ಒಣ ಬ್ರಷ್ಷಿನಿಂದ ಧೂಳು, ಜೇಡರ ಬಲೆ ತೆಗೆಯಿರಿ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ.

ಬಳಿಕ ಬಟ್ಟೆ ಸೋಪಿನ ಪುಡಿ ಕದಡಿದ ಉಗುರುಬೆಚ್ಚಗಿನ ನೀರಿನಲ್ಲಿ ಮೆದು ಬ್ರಷ್ಷನ್ನು ಅದ್ದಿ, ಮರದ ಎಳೆ ಹೋದ ಕಡೆಗೇ ಉಜ್ಜಿ. ಅನೇಕ ಕಂಬಗಳಿಗೆ ಇಷ್ಟೇ ಸಾಕಾಗುತ್ತದೆ.

ಕಲೆ ಉಳಿದ ಕಡೆ ಮಾತ್ರ 1 ಲೀಟರ್ ಬ್ಲೀಚಿಗೆ 10 ಲೀಟರ್ ನೀರು ಬೆರೆಸಿ, ಮೊದಲು ಕಾಣದ ಮೂಲೆಯಲ್ಲಿ ಪ್ರಯೋಗಿಸಿ ನೋಡಿ. ಕಲೆ ಒದ್ದೆಯಾಗುವಂತೆ ಹಚ್ಚಿ, ಐದರಿಂದ ಹತ್ತು ನಿಮಿಷ ಬಿಟ್ಟು, ಒಣಗುವ ಮೊದಲೇ ಧಾರಾಳ ನೀರಿನಿಂದ ತೊಳೆಯಿರಿ. ಬುಡದಲ್ಲಿ ಗಿಡಗಳಿದ್ದರೆ ಮುಂಚಿತವಾಗಿಯೇ ನೀರು ಹಾಕಿ ನೆನೆಸಿಡಿ.

ತೊಳೆದ ಜಾಗ ಸ್ವಲ್ಪ ಬಿಳಿಚಿಕೊಂಡು ಕಂಡರೆ ಗಾಬರಿ ಬೇಡ. ಬಿಸಿಲು ಮಳೆ ತಾಗುವ ಮರವಾದರೆ ಕೆಲವು ತಿಂಗಳಲ್ಲಿ ಬೂದು ಬಣ್ಣ ತಾನೇ ಮರಳುತ್ತದೆ.

ಮಾಡಬಾರದ ಕೆಲಸಗಳು

ಬ್ಲೀಚಿಗೆ ಆಸಿಡ್, ವಿನಿಗರ್, ಅಮೋನಿಯಾ ಯಾವುದನ್ನೂ ಬೆರೆಸಕೂಡದು, ವಿಷಗಾಳಿ ಏಳುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. ತೋಟದ ಔಷಧಿಯ ಕ್ಯಾನಿನಲ್ಲಿ ಅದನ್ನು ತುಂಬಬೇಡಿ.

ತಂತಿ ಬ್ರಷ್ಷು, ಮರಳು ಕಾಗದ, ಪವರ್ ಸ್ಪ್ರೇಯರಿನ ಬಿರುಸು ನೀರು ಬೂದು ಪದರವನ್ನೇ ಕಿತ್ತುಹಾಕುತ್ತವೆ. ತಂತಿಯ ಚೂರು ಮರದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಹೊಸ ಕಪ್ಪು ಕಲೆ ಹುಟ್ಟುತ್ತದೆ. ಆಕ್ಸಾಲಿಕ್ ಆಮ್ಲ ಮೊಳೆಯ ಕಲೆಗೆ ಒಳ್ಳೆಯದಾದರೂ ಬೂದು ಬಣ್ಣವನ್ನು ಅಳಿಸಿ ಮರವನ್ನು ಹೊಸದರಂತೆ ಮಾಡುತ್ತದೆ. ಉಳಿದ ಬೋರ್ಡೋ ದ್ರಾವಣವನ್ನು ಕಂಬಕ್ಕೂ ಹೊಡೆದರೆ ನೀಲಿ ಮೆತ್ತಿಕೊಳ್ಳುವುದಲ್ಲದೆ ಮೊಳೆಯೂ ತುಕ್ಕು ಹಿಡಿಯುತ್ತದೆ. ಅಗಸೆ ಎಣ್ಣೆ ಹಚ್ಚಿದರೆ ಮರ ಕಪ್ಪೇರುತ್ತದೆ, ಬೂಷ್ಟಿಗೂ ಅದೇ ಆಹಾರವಾಗುತ್ತದೆ.

ನಾನು ಮಾಡಿದ ತಪ್ಪು

ನಮ್ಮ ಮನೆಯ ಜಗುಲಿಗೆ ನಾಲ್ಕು ಹಲಸಿನ ಕಂಬಗಳು. ನಮ್ಮ ತಾತನವರ ಕಾಲದವು. ಮಗಳ ಮದುವೆಗೆ ಮುಂಚೆ ಒಂದು ಕಂಬ ಬಹಳ ಕಪ್ಪಾಗಿದೆಯೆಂದು ಕೆರೆಸಿ ಎನಾಮಲ್ ಬಣ್ಣ ಹೊಡೆಸಿದೆ. ಮೇಲೆ ಒಂದು ಹಂಚು ಜಾರಿ, ಸೂರಿನ ನೀರು ಆ ಕಂಬಕ್ಕೇ ಇಳಿಯುತ್ತಿದ್ದುದನ್ನು ನೋಡಲಿಲ್ಲ. ಬಿರುಕಿನಲ್ಲಿ ಒಳಹೊಕ್ಕ ನೀರು ಬಣ್ಣದ ಕೆಳಗೆ ಆರಲೇ ಇಲ್ಲ. ಎರಡು ಮಳೆಗಾಲ ಕಳೆದು ದಬ್ಬಳ ಚುಚ್ಚಿದಾಗ ಹಿಡಿಯವರೆಗೂ ಇಳಿಯಿತು. ಬುಡವನ್ನು ಮೊಳದುದ್ದ ಕೊಯ್ದು, ಕಲ್ಲಿನ ಪೀಠ ಕೊಟ್ಟು ನಿಲ್ಲಿಸಬೇಕಾಯಿತು. ಬೂದು ಬಣ್ಣದಲ್ಲೇ ಬಿಟ್ಟ ಉಳಿದ ಮೂರು ಕಂಬಗಳು ಇಂದಿಗೂ ಗಟ್ಟಿಯಾಗಿವೆ. ಬೂಷ್ಟು ನನಗೆ ಸುದ್ದಿ ತಂದಿತ್ತು. ನಾನು ಸುದ್ದಿಗೆ ಬಣ್ಣ ಬಳಿದೆ.

ನೀರನ್ನು ತಪ್ಪಿಸುವುದೇ ಮದ್ದು

ಮರದ ತೇವ ಶೇಕಡ 20ಕ್ಕಿಂತ ಕಡಿಮೆ ಇದ್ದರೆ ಲಡ್ಡು ಹಿಡಿಯುವುದಿಲ್ಲ, ಬೂಷ್ಟಿನ ಕಾಟವೂ ಕಡಿಮೆ. ಆದ್ದರಿಂದ ಜಾರಿದ ಹಂಚು ಸರಿಪಡಿಸಿ. ಸೂರಿನ ನೀರು ಕಂಬದ ಬುಡಕ್ಕೆ ಎರಚದಂತೆ ದೋಣಿ ಕಟ್ಟಿಸಿ. ಕಂಬಕ್ಕೆ ಒರಗಿಸಿದ ಸೌದೆ, ಅಡಿಕೆ ಸಿಪ್ಪೆ, ಗೋಣಿಚೀಲಗಳನ್ನು ದೂರ ಸರಿಸಿ. ಹಬ್ಬಿದ ಬಳ್ಳಿ ಕತ್ತರಿಸಿ ಗಾಳಿ ಬೆಳಕು ಬರಲು ಬಿಡಿ. ಇಷ್ಟು ಮಾಡದೆ ತೊಳೆದರೆ ಮುಂದಿನ ಮಳೆಗೆ ಬೂಷ್ಟು ಮತ್ತೆ ಬರುತ್ತದೆ.

ಸದಸ್ಯರು ಈ ವಾರವೇ ಒಂದು ದಬ್ಬಳ ಹಿಡಿದು ಮನೆಯ ಸುತ್ತ ಒಮ್ಮೆ ಬರಬೇಕೆಂದು ವಿನಂತಿ. ಅರ್ಧ ಗಂಟೆಯ ಕೆಲಸ, ಒಂದು ಕಂಬ ಉಳಿದೀತು.

— ಕಾರ್ಯದರ್ಶಿ