ನೇಮಕದ ಪತ್ರದಿಂದ ಮೊದಲುಮಾಡಿ

ರೋಣದ ಕಿರಾಣಿ ಅಂಗಡಿಯಲ್ಲಿ ತಕ್ಕಡಿ ಹಿಡಿಯುವ ಹುಡುಗನಾಗಲಿ, ನರಗುಂದದ ಅರಳೆ ಗಿರಣಿಯಲ್ಲಿ ಹತ್ತಿಯ ಅಂಡಿಗೆ ಹೊರುವ ಆಳಾಗಲಿ, ಗಜೇಂದ್ರಗಡದಲ್ಲಿ ಪರರ ಮಗ್ಗದ ಮೇಲೆ ಪಟ್ಟೇದಂಚಿನ ಸೀರೆ ನೇಯ್ದು ಮಜೂರಿ ಪಡೆಯುವ ನೇಕಾರನಾಗಲಿ, ತಮಗೆ ಹಕ್ಕು ಕೊಡುವ ಕಾನೂನುಗಳು ಬೇಕಾದಷ್ಟಿದ್ದರೂ ಆ ಹಕ್ಕನ್ನು ಸಾಧಿಸಿ ತೋರಿಸುವ ಕಾಗದವೊಂದನ್ನೂ ಸಾಮಾನ್ಯವಾಗಿ ಇಟ್ಟುಕೊಂಡಿರುವುದಿಲ್ಲ. ಮಾಲಕನೂ ಆಳೂ ಒಂದೇ ಓಣಿಯವರಾಗಿ, ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗಿಬರುವ ಈ ಸೀಮೆಯಲ್ಲಿ ಬರೆದುಕೊಡಿರೆಂದು ಕೇಳುವುದೇ ಅವಿಶ್ವಾಸದ ಲಕ್ಷಣವೆಂದು ಎಣಿಸಲ್ಪಡುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಸಂಕೋಚದಿಂದ ಉಭಯರಿಗೂ ನಷ್ಟವೇ.

ಸೇರುವಾಗ

ಕೆಲಸಕ್ಕೆ ಸೇರಿದೊಡನೆ ನೇಮಕದ ಪತ್ರವನ್ನು ಕೇಳಿ ಪಡೆಯಿರಿ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಮೇರೆಗೆ ಹೆಸರು, ಹುದ್ದೆ, ವೇತನ ಹಾಗೂ ಷರತ್ತುಗಳನ್ನು ಕಾಣಿಸಿದ ಪತ್ರವನ್ನು 30 ದಿನಗಳೊಳಗೆ ಕೊಡುವುದು ಮಾಲಕನ ಕರ್ತವ್ಯ. ಪತ್ರ ದೊರೆಯದಿದ್ದರೆ ಸೇರಿದ ದಿನಾಂಕವನ್ನೂ ಮಾತಾದ ಪಗಾರವನ್ನೂ ಸ್ವಂತ ವಹಿಯಲ್ಲಾದರೂ ಅಂದೇ ಬರೆದಿಡತಕ್ಕದ್ದು.

ಪಗಾರದ ದಿನ

ತಿಂಗಳ ಪಗಾರ ಮರುತಿಂಗಳ 7ನೆಯ ತಾರೀಖಿನೊಳಗೆ ಕೈಸೇರಬೇಕೆಂಬುದು, 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2019ರ ವೇತನ ಸಂಹಿತೆಯ ನಿಯಮ. ದಿನಗೂಲಿಯವನಿಗಿರುವಂತೆಯೇ ಸೀರೆಯ ಲೆಕ್ಕದಲ್ಲಿ ಮಜೂರಿ ಪಡೆದು ನೇಯುವ ಕೆಲಸಗಾರನಿಗೂ ಕನಿಷ್ಠ ವೇತನದ ರಕ್ಷಣೆಯುಂಟು. ತುಣುಕಿನ ಲೆಕ್ಕದ ದರವೆಂಬ ನೆವದಿಂದ ಅವನನ್ನು ಹೊರಗಿಡಲಾಗದು.

ಹೆಚ್ಚಿನ ತಗಾದೆ ಹುಟ್ಟುವುದು ಕಡಿತದಲ್ಲಿ. ನೇಯ್ಗೆಯಲ್ಲಿ ದೋಷ ಬಂತೆಂದೋ, ಚೀಲ ಒಡೆದು ಕಾಳು ಚೆಲ್ಲಿತೆಂದೋ ಮಾಲಕನು ಹಣ ಹಿಡಿಯುವುದಾದರೆ, ಆ ನಷ್ಟವು ನೌಕರನ ಅಲಕ್ಷ್ಯದಿಂದಲೇ ಆದುದಾಗಿರಬೇಕು, ಅವನ ಸಮಜಾಯಿಷಿಯನ್ನು ಮೊದಲು ಕೇಳಿರಬೇಕು, ಹಿಡಿದ ಹಣ ನಷ್ಟವನ್ನು ಮೀರಿರಬಾರದು. ಎಲ್ಲ ಕಡಿತಗಳೂ ಸೇರಿ ಪಗಾರದ ಅರ್ಧಾಂಶವನ್ನು ದಾಟಕೂಡದು. ಮುಂಗಡ ಪಡೆದವರು ಪ್ರತಿ ಮರುಪಾವತಿಯನ್ನೂ ವಹಿಯಲ್ಲಿ ಬರೆದು ಮಾಲಕನ ಸಹಿ ಹಾಕಿಸಿಕೊಳ್ಳಲಿ. ಸಾಲ ತೀರುವತನಕ ಬೇರೆಡೆ ದುಡಿಯಬಾರದೆಂಬ ಕಟ್ಟು 1976ರ ಜೀತ ನಿರ್ಮೂಲನ ಕಾಯ್ದೆಯಿಂದ ಎಂದೋ ಅಳಿದಿದೆ.

ಗಂಟೆ ಮತ್ತು ಸೂಟಿ

ಅಂಗಡಿಯ ನೌಕರನಿಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸದ ಮಿತಿ. ಸತತ 5 ಗಂಟೆ ದುಡಿದ ಮೇಲೆ ಒಂದು ಗಂಟೆ ವಿಶ್ರಾಂತಿ. ಮಿತಿ ಮೀರಿದ ದುಡಿಮೆಗೆ ಇಮ್ಮಡಿ ದರ. ವಾರದ ರಜೆಯಲ್ಲದೆ, ದುಡಿದ ಪ್ರತಿ 20 ದಿನಗಳಿಗೊಂದು ದಿನದ ಗಳಿಕೆ ರಜೆ ಸಲ್ಲುತ್ತದೆ. ಹಬ್ಬದ ಮುಂಚಿನ ವಾರ ಅಂಗಡಿ ಇರುಳಿನವರೆಗೂ ತೆರೆದಿರುವುದು ಅನಿವಾರ್ಯವೆಂದು ಒಪ್ಪೋಣ. ಆದರೆ ಆ ಗಂಟೆಗಳು ಹಾಜರಿ ಪುಸ್ತಕದಲ್ಲಿ ಕಾಣಲೇಬೇಕು.

ಸ್ತ್ರೀಯರಿಗೆ

ಸಮಾನ ಕೆಲಸಕ್ಕೆ ಪುರುಷನಷ್ಟೇ ಕೂಲಿ. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ, ಕಾನೂನು ಅನ್ವಯಿಸುವ ಸಂಸ್ಥೆಗಳಲ್ಲಿ ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆಯಿರುವವರಿಗೆ 26 ವಾರಗಳ ಸವೇತನ ರಜೆ. ಲೈಂಗಿಕ ಕಿರುಕುಳವಾದರೆ 3 ತಿಂಗಳೊಳಗೆ ಲಿಖಿತ ದೂರು ಕೊಡತಕ್ಕದ್ದು: ಹತ್ತು ಅಥವಾ ಹೆಚ್ಚು ಮಂದಿ ಇರುವಲ್ಲಿ ಆಂತರಿಕ ಸಮಿತಿಗೆ, ಅಷ್ಟಿಲ್ಲದಲ್ಲಿ ಅಥವಾ ಮಾಲಕನ ಮೇಲೆಯೇ ದೂರಿದ್ದಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ.

ನೌಕರನ ಹೊಣೆ

ಹಾಜರಿ ಹಾಕಿ ಚಹಾದಂಗಡಿಯಲ್ಲಿ ಕುಳಿತವನು ಗಂಟೆಗಳ ಹಕ್ಕನ್ನು ಸಾಧಿಸುವುದು ಕಷ್ಟ. ವೇಳೆಗೆ ಬರುವುದು, ಸೂಟಿ ಬೇಕಾದರೆ ಮುಂಚಿತವಾಗಿ ತಿಳಿಸುವುದು, ಒಪ್ಪಿಸಿದ ಸರಕನ್ನೂ ಗಲ್ಲೆಯನ್ನೂ ಪ್ರಾಮಾಣಿಕವಾಗಿ ಕಾಯುವುದು ಇವು ಎಲ್ಲೆಡೆಗೂ ಸಲ್ಲುವ ಹೊಣೆಗಳು. ಗಿರಣಿಯಲ್ಲಿಯೋ ಹೊಣೆ ಪ್ರಾಣಕ್ಕೇ ಸಂಬಂಧಿಸಿದ್ದು. ತಿರುಗುವ ಪಟ್ಟಿಯ ಹತ್ತಿರ ಧೋತರದ ಚುಂಗನ್ನಾಗಲಿ ಸೀರೆಯ ಸೆರಗನ್ನಾಗಲಿ ಇಳಿಬಿಡಬಾರದು. ಯಂತ್ರದ ರಕ್ಷಣೆಯ ಬಲೆಯನ್ನು ಕೆಲಸ ಬೇಗ ಸಾಗಲೆಂದು ಕಳಚಬಾರದು. ಅರಳೆಯ ರಾಶಿಯ ಸುತ್ತ ಬೀಡಿಯ ಮಾತೇ ಬೇಡ. ಬಲೆಯಿಲ್ಲದ ಯಂತ್ರವನ್ನು ಕಂಡು ಸುಮ್ಮನಿರದೆ ಮಾಲಕನಿಗೆ ತಿಳಿಸುವುದೂ ಹೊಣೆಯೇ.

ಬಿಡುವಾಗ

ಅಂಗಡಿಯಲ್ಲಿ ಆರು ತಿಂಗಳು ಸತತ ದುಡಿದವನನ್ನು ಸಕಾರಣವಿಲ್ಲದೆ, ಒಂದು ತಿಂಗಳ ಸೂಚನೆ ಅಥವಾ ಅದರ ಬದಲಿನ ವೇತನವಿಲ್ಲದೆ ತೆಗೆಯಲಾಗದು. ದುರ್ನಡತೆಯ ಪ್ರಕರಣ ಬೇರೆ. ತಾನಾಗಿ ಬಿಡುವವನೂ ಷರತ್ತಿನಂತೆ ಮುನ್ಸೂಚನೆ ಕೊಡಲಿ. ಬಾಕಿ ವೇತನವು ಎರಡು ಕೆಲಸದ ದಿನಗಳೊಳಗೆ ಸಲ್ಲಬೇಕು. ಹತ್ತು ಅಥವಾ ಹೆಚ್ಚು ಮಂದಿಯ ಸಂಸ್ಥೆಯಲ್ಲಿ 5 ವರ್ಷ ಪೂರೈಸಿದವರಿಗೆ ಉಪದಾನವುಂಟು: ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಿರಿ. 13,000 ರೂಪಾಯಿ ವೇತನಕ್ಕೆ 8 ವರ್ಷ ದುಡಿದವನಿಗೆ 60,000 ರೂಪಾಯಿ ಬರುತ್ತದೆ.

ದೂರು ಕೊಡುವಾಗ

ಮೊದಲು ಮಾಲಕನಿಗೇ ಬರೆಯಿರಿ. ನಕಲಿನ ಮೇಲೆ ತಲುಪಿದ ಸಹಿ ಪಡೆಯಿರಿ, ಸಹಿ ಹಾಕದಿದ್ದರೆ ನೋಂದಾಯಿತ ಅಂಚೆಯಲ್ಲಿ ಕಳಿಸಿರಿ. ಉತ್ತರ ಬಾರದಿದ್ದಲ್ಲಿ ತಾಲೂಕಿನ ಕಾರ್ಮಿಕ ನಿರೀಕ್ಷಕರಿಗೆ, ತರುವಾಯ ಗದಗದ ಕಾರ್ಮಿಕ ಅಧಿಕಾರಿಗಳಿಗೆ ಅರ್ಜಿ ಕೊಡಬಹುದು. ವೇತನದ ಬಾಕಿಗೆ ಸಂಹಿತೆಯು 3 ವರ್ಷಗಳ ಅವಧಿ ಕೊಟ್ಟಿದೆಯಾದರೂ ಹಾಜರಿ ಪುಸ್ತಕ ಕಾಣೆಯಾಗಲು ಅಷ್ಟು ಕಾಲ ಬೇಕಿಲ್ಲ. ವಕೀಲರ ವೆಚ್ಚಕ್ಕೆ ಅಂಜುವವರು ರೋಣ ಅಥವಾ ನರಗುಂದದ ನ್ಯಾಯಾಲಯದಲ್ಲಿ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಲಿ. ಸ್ತ್ರೀಯರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ, ಕಾರ್ಖಾನೆಯ ಕಾರ್ಮಿಕರಿಗೂ 1987ರ ಕಾನೂನು ಸೇವೆಗಳ ಕಾಯ್ದೆಯು ಉಚಿತ ನೆರವನ್ನು ವಿಧಿಸಿದೆ. ಹೋಗುವಾಗ ವಹಿಯ ಮೂಲ ಪ್ರತಿಯನ್ನು ಒಪ್ಪಿಸಿಬಿಡದೆ, ತೋರಿಸಿ, ಜೆರಾಕ್ಸ್ ಪ್ರತಿಯನ್ನಷ್ಟೇ ಕೊಟ್ಟು ಬನ್ನಿ.